ಹಳೆ ಮಾರುತಿ 800ರಲ್ಲಿ ಕರೆಂಟ್ ಹೋದರೆ ಎಲ್ಲಿಂದ ಹುಡುಕಬೇಕು

ಕೀ ತಿರುಗಿಸುತ್ತೀರಿ, ಮೀಟರಿನಲ್ಲಿ ಒಂದು ದೀಪವೂ ಬರುವುದಿಲ್ಲ. ಅಥವಾ ದೀಪ ಎಲ್ಲ ಬರುತ್ತವೆ, ಸೆಲ್ಫ್ ಹೊಡೆದ ಕೂಡಲೇ 'ಟಕ್' ಅಂತ ಒಂದು ಸದ್ದು, ಆಮೇಲೆ ಏನೂ ಇಲ್ಲ. ಇಂಥ ಹೊತ್ತಲ್ಲಿ ಎಷ್ಟೋ ಜನ ನೇರವಾಗಿ ಹೋಗಿ ಹೊಸ ಬ್ಯಾಟರಿ ತರುತ್ತಾರೆ. ಸ್ವಲ್ಪ ತಡೆಯಿರಿ. ಮಾರುತಿ 800 ಮೊದಲು ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ, ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅಂದರೆ ಈಗ ಓಡುತ್ತಿರುವುದರಲ್ಲಿ ತೀರಾ ಹೊಸ 800ಗೂ ಹತ್ತು ವರ್ಷ ದಾಟಿದೆ. ಇಷ್ಟರಲ್ಲಿ ಬ್ಯಾಟರಿ ಎರಡು ಮೂರು ಸಲ ಬದಲಾಗಿರುತ್ತದೆ, ಆದರೆ ಕೇಬಲ್, ಅರ್ತ್ ವೈರ್, ಬೋಲ್ಟು, ಸಾಕೆಟ್ಟು ಎಲ್ಲ ಹಳೆಯವೇ ಅಲ್ವಾ? ತೊಂದರೆ ಬಹಳ ಸಲ ಅಲ್ಲೇ ಇರುತ್ತದೆ, ಲೋಹಕ್ಕೆ ಲೋಹ ಸೇರುವ ಜಾಗದಲ್ಲಿ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. 10 ನಂಬರ್ ಸ್ಪ್ಯಾನರ್, ಉಪ್ಪುಕಾಗದ, ಒಂದು ಸಾಧಾರಣ ಮಲ್ಟಿಮೀಟರ್, ಮತ್ತೆ ಹಳೆ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಕಟ್ಟಿ ಮಾಡಿಕೊಂಡ ಟೆಸ್ಟ್ ಲ್ಯಾಂಪ್. ಈ ಬಲ್ಬು ಮಲ್ಟಿಮೀಟರಿಗಿಂತ ಎಷ್ಟೋ ಸಲ ಉಪಯೋಗಕ್ಕೆ ಬರುತ್ತದೆ, ಯಾಕೆ ಅಂತ ಮುಂದೆ ಹೇಳುತ್ತೇನೆ. ಕೈಯಲ್ಲಿ ಉಂಗುರ, ಲೋಹದ ವಾಚು ಇದ್ದರೆ ತೆಗೆದಿಡಿ. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಹಾಗಾಗಿ ಹತ್ತಿರ ಬೀಡಿ ಸಿಗರೇಟು ಬೇಡವೇ ಬೇಡ.

ಮೊದಲು ಹೆಡ್‌ಲೈಟ್ ಹಾಕಿ, ಗಾಡಿ ಗೋಡೆಯ ಕಡೆ ಮುಖ ಮಾಡಿದ್ದರೆ ಇನ್ನೂ ಒಳ್ಳೆಯದು. ಈಗ ನ್ಯೂಟ್ರಲ್‌ನಲ್ಲಿ ಸೆಲ್ಫ್ ಹೊಡೆಯಿರಿ, ಬೆಳಕು ಏನಾಗುತ್ತದೆ ನೋಡಿ. ಒಂದೇ ಸಲ ಪೂರ್ತಿ ಆರಿಹೋದರೆ ಎಲ್ಲೋ ಜೋಡಣೆ ಸಡಿಲ ಇದೆ ಅಥವಾ ತುಕ್ಕು ಹಿಡಿದಿದೆ. ನಿಧಾನಕ್ಕೆ ಮಂಕಾಗಿ ಕೆಂಪಾದರೆ ಬ್ಯಾಟರಿ ಇಳಿದಿದೆ. ಬೆಳಕು ಹಾಗೇ ಇದ್ದು ಸೆಲ್ಫ್ ಮಾತ್ರ ತಿರುಗದಿದ್ದರೆ ಬ್ಯಾಟರಿ ತಂಟೆಗೆ ಹೋಗಬೇಡಿ, ತೊಂದರೆ ಸೆಲ್ಫ್ ಮೋಟರ್, ಅದಕ್ಕೆ ಕರೆಂಟ್ ಬಿಡುವ ಸ್ವಿಚ್ಚಾದ ಸಾಲಿನಾಯ್ಡ್, ಕೀ ಸ್ವಿಚ್ಚಿನಿಂದ ಅಲ್ಲಿಗೆ ಹೋಗುವ ಸಣ್ಣ ವೈರ್ ಅಥವಾ ಎಂಜಿನ್ನಿನ ಅರ್ತ್ ಜೋಡಣೆಯಲ್ಲಿ ಇರುತ್ತದೆ. ಈ ಒಂದು ಪರೀಕ್ಷೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ.

ಈಗ ಮಲ್ಟಿಮೀಟರ್. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆ, 12.2 ಅಂದರೆ ಅರ್ಧ, 12ಕ್ಕಿಂತ ಕೆಳಗೆ ಹೋದರೆ ಚಾರ್ಜಿಗೆ ಹಾಕಲೇಬೇಕು. ಆದರೆ ಸುಮ್ನೆ ನಿಂತಾಗ ಬರುವ ಅಂಕಿ ನೋಡಿ ಮೋಸ ಹೋಗಬೇಡಿ. ಸೆಲ್ಫ್ ಹೊಡೆಯುವಾಗಲೂ ಅದು ಸುಮಾರು 9.6ಕ್ಕಿಂತ ಕೆಳಗಿಳಿಯಬಾರದು. ಮೀಟರಿಗೆ ಬೇಕಾಗುವ ಕರೆಂಟು ಏನೇನೂ ಇಲ್ಲ, ಹಾಗಾಗಿ ವೈರಿನ ಒಂದೇ ಎಳೆ ಉಳಿದಿದ್ದರೂ ಅದು 12 ವೋಲ್ಟ್ ಅಂತಲೇ ತೋರಿಸುತ್ತದೆ. ಸೆಲ್ಫಿಗೆ ಬೇಕಾಗುವುದು ನೂರಾರು ಆಂಪಿಯರ್, ಅದು ಒಂದು ಎಳೆಯಲ್ಲಿ ಹೋಗಲು ಸಾಧ್ಯವೇ ಇಲ್ಲ. ಆದ್ದರಿಂದ ಏನೇ ಅಳೆದರೂ ಲೋಡ್ ಇದ್ದಾಗ, ಅಂದರೆ ಕರೆಂಟ್ ನಿಜವಾಗಿ ಹರಿಯುತ್ತಿರುವಾಗ ಅಳೆಯಿರಿ. ಟೆಸ್ಟ್ ಲ್ಯಾಂಪ್ ಒಳ್ಳೆಯದು ಅಂದದ್ದು ಇದಕ್ಕೇ. ಬಲ್ಬು ಒಂದಷ್ಟು ಕರೆಂಟ್ ಎಳೆಯುತ್ತದೆ, ಜೋಡಣೆ ತೀರಾ ಹಾಳಾಗಿದ್ದರೆ ಮಂಕಾಗಿ ಉರಿದು ಗುಟ್ಟು ಬಿಟ್ಟುಕೊಡುತ್ತದೆ.

ಟರ್ಮಿನಲ್ ಬಿಚ್ಚುವಾಗ ಯಾವಾಗಲೂ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಹೀಗೆ ಮಾಡಿದರೆ ಸ್ಪ್ಯಾನರ್ ಬಾಡಿಗೆ ತಗುಲಿದರೂ ಕಿಡಿ ಹಾರುವುದಿಲ್ಲ. ಮೇಲೆ ಕೂತ ಬಿಳಿ, ಹಸಿರು ಪುಡಿ ಎಲ್ಲರಿಗೂ ಕಾಣುತ್ತದೆ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೆ ಟೂತ್‌ಬ್ರಷ್‌ನಲ್ಲಿ ತಿಕ್ಕಿದರೆ ನೊರೆ ಬಂದು ಅದು ಹೋಗುತ್ತದೆ, ಸೆಲ್‌ಗಳ ಒಳಗೆ ಮಾತ್ರ ಆ ನೀರು ಬೀಳಬಾರದು. ಆದರೆ ನಿಜವಾದ ತೊಂದರೆ ಮೇಲಿನ ಪುಡಿಯಲ್ಲ. ಕ್ಲ್ಯಾಂಪ್ ಬಿಚ್ಚಿ ಅದರ ಒಳಮೈ ನೋಡಿ. ಹೊರಗಿಂದ ಚೊಕ್ಕಟವಾಗಿ ಕಂಡರೂ ಒಳಗೆ ಕಪ್ಪು ಬೂದು ಬಣ್ಣದ ತೆಳು ಪದರ ಇರುತ್ತದೆ, ಉಗುರಲ್ಲಿ ಕೆರೆದರೆ ಬರುವುದಿಲ್ಲ, ಉಪ್ಪುಕಾಗದದಲ್ಲಿ ತಿಕ್ಕಿದಾಗ ಮಾತ್ರ ಅಡಿಯಿಂದ ಸೀಸದ ಹೊಳಪು ಕಾಣುತ್ತದೆ. ಬ್ಯಾಟರಿಯ ಕಂಬ, ಕ್ಲ್ಯಾಂಪಿನ ಒಳಗು ಎರಡೂ ಹೀಗೆ ಹೊಳೆಯುವ ತನಕ ತಿಕ್ಕಿ, ಬಿಗಿ ಮಾಡಿ, ಆಮೇಲೆ ಮೇಲಿಂದ ವ್ಯಾಸಲೀನ್ ಹಚ್ಚಿ. ಬಿಗಿ ಆಗಿದೆಯಾ ಅಂತ ಗೊತ್ತಾಗಬೇಕಾದರೆ ಕೈಯಲ್ಲಿ ತಿರುಗಿಸಿ ನೋಡಿ. ಕೂದಲೆಳೆಯಷ್ಟು ಅಲುಗಿದರೂ ಬಿಗಿ ಸಾಲದು.

ಅರ್ತ್ ಕಡೆ ಜನ ನೋಡುವುದೇ ಇಲ್ಲ, ಇದು ನನಗೆ ನಿಜಕ್ಕೂ ಬೇಸರದ ವಿಷಯ. ಬ್ಯಾಟರಿ ನೆಗೆಟಿವ್‌ನಿಂದ ಬಾಡಿಗೂ ಎಂಜಿನ್ ಕಡೆಗೂ ಹೋಗುವ ಜೋಡಣೆ ಮಲೆನಾಡಿನ ಮಳೆಗೆ, ಮಂಗಳೂರು ಕಾರವಾರದ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಎಷ್ಟೋ ಗಾಡಿಗಳಲ್ಲಿ ಟಿಂಕರಿಂಗ್ ಪೇಂಟಿಂಗ್ ಆದಮೇಲೆ ಬೋಲ್ಟಿನ ಅಡಿಯಲ್ಲಿ ಬಣ್ಣವೇ ಇರುತ್ತದೆ. ಇದನ್ನು ಪರೀಕ್ಷೆ ಮಾಡುವುದು ಸುಲಭ. ಜಂಪರ್ ಕೇಬಲ್‌ನ ಒಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ತುದಿ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಕಚ್ಚಿಸಿ ಸೆಲ್ಫ್ ಹೊಡೆಯಿರಿ. ಈಗ ಚೆನ್ನಾಗಿ ತಿರುಗಿದರೆ ಕಳ್ಳ ಸಿಕ್ಕಿದ. ಮೀಟರಿನಲ್ಲೇ ನೋಡಬೇಕಾದರೆ ಅದೇ ಎರಡು ಜಾಗಕ್ಕೆ ಮುಳ್ಳು ಇಟ್ಟು ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ, ಅರ್ಧ ವೋಲ್ಟಿಗಿಂತ ಜಾಸ್ತಿ ಬಂದರೆ ಆ ದಾರಿ ಹಾಳಾಗಿದೆ. ಬೋಲ್ಟ್ ಬಿಚ್ಚಿ, ಬರಿ ಲೋಹ ಕಾಣುವ ತನಕ ತಿಕ್ಕಿ, ವೈರ್ ಎಳೆಗಳು ಹಸಿರಾಗಿದ್ದರೆ ಹೊಸ ಪಟ್ಟಿ ಹಾಕಿಸಿ.

ಡ್ಯಾಶ್‌ಬೋರ್ಡಿನ ಮೀಟರ್, ಹಾರ್ನ್, ಲೈಟ್ ಎಲ್ಲ ಒಟ್ಟಿಗೆ ಸತ್ತು ಬ್ಯಾಟರಿ ಮಾತ್ರ ಸರಿ ಇದ್ದರೆ ಮುಖ್ಯ ಫ್ಯೂಸ್ ನೋಡಿ, ಅದು ಬ್ಯಾಟರಿ ಪಾಸಿಟಿವ್ ಹತ್ತಿರ ಇರುತ್ತದೆ. ಕೆಲವು ಹಳೆ ಕಾರಲ್ಲಿ ಫ್ಯೂಸ್ ಬದಲು ಫ್ಯೂಸಿಬಲ್ ಲಿಂಕ್ ಎನ್ನುವ ವೈರ್ ತುಂಡು ಇರುತ್ತದೆ. ಹೊರಗಿನ ಕವಚ ಸರಿ ಕಂಡರೂ ಒಳಗೆ ಕರಗಿರಬಹುದು, ಮೆಲ್ಲಗೆ ಎಳೆದಾಗ ರಬ್ಬರಿನ ಥರ ಹಿಗ್ಗಿದರೆ ಅದು ಹೋಗಿದೆ. ಫ್ಯೂಸ್ ಬದಲಿಸುವಾಗ ಅಷ್ಟೇ ಆಂಪಿಯರಿನದ್ದೇ ಹಾಕಿ. ತಾಮ್ರದ ವೈರ್ ಸುತ್ತುವುದು, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಇಡುವುದು ಗಾಡಿಗೆ ಬೆಂಕಿ ಇಟ್ಟ ಹಾಗೆ. ಹೊಸ ಫ್ಯೂಸೂ ತಕ್ಷಣ ಹೋದರೆ ಎಲ್ಲೋ ವೈರ್ ಬಾಡಿಗೆ ತಾಗುತ್ತಿದೆ. ಇಲಿ ಕಡಿದಿದೆಯಾ ನೋಡಿ, ಬಾನೆಟ್ ಒಳಗೆ ಅವು ಗೂಡು ಮಾಡುವುದು ಸಾಮಾನ್ಯ. ಕೀ ಅಲುಗಿಸಿದಾಗ ದೀಪ ಹೋಗಿ ಬಂದು ಮಾಡಿದರೆ ಕೀ ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟ್ ಸವೆದಿದೆ, ಓಡುವಾಗ ಗಾಡಿ ನಿಂತುಬಿಡುವ ಅಪಾಯ ಇರುವುದರಿಂದ ಅದನ್ನು ಮುಂದಕ್ಕೆ ಹಾಕಬೇಡಿ.

ಸ್ಟಾರ್ಟ್ ಆಯಿತು ಅಂದುಕೊಳ್ಳಿ. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ 13.8ರಿಂದ 14.5 ವೋಲ್ಟ್ ಬರಬೇಕು. ಬರದಿದ್ದರೆ ಮೊದಲು ಬೆಲ್ಟ್ ನೋಡಿ, ಆಮೇಲೆ ಡೈನಮೋ, ಅಂದರೆ ಆ ಬೆಲ್ಟಿನಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್. ಕೀ ಆನ್ ಮಾಡಿದಾಗ ಮೀಟರಿನಲ್ಲಿ ಕೆಂಪು ಬ್ಯಾಟರಿ ದೀಪ ಹತ್ತುತ್ತದಾ ಅಂತಲೂ ನೋಡಿ, ಹಳೆ ಗಾಡಿಗಳಲ್ಲಿ ಆ ಬಲ್ಬಿನ ಮೂಲಕವೇ ಡೈನಮೋಗೆ ಮೊದಲ ಕರೆಂಟ್ ಹೋಗುವುದರಿಂದ ಬಲ್ಬ್ ಸುಟ್ಟರೆ ಚಾರ್ಜಿಂಗೇ ಶುರುವಾಗದೆ ಇರಬಹುದು. ಚಾರ್ಜಿಂಗ್ ಪರೀಕ್ಷೆ ಮಾಡಲು ಓಡುವ ಎಂಜಿನ್ನಿನಲ್ಲಿ ಬ್ಯಾಟರಿ ಟರ್ಮಿನಲ್ ಕಿತ್ತು ನೋಡುವ ಅಭ್ಯಾಸ ಕೆಲವರಿಗಿದೆ. ಬೇಡ, ಡೈನಮೋದ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಹೋಗಬಹುದು.

ಚಾರ್ಜಿಂಗ್ ಸರಿ ಇದ್ದೂ ಎರಡು ಮೂರು ದಿನ ನಿಲ್ಲಿಸಿದರೆ ಬ್ಯಾಟರಿ ಇಳಿಯುತ್ತದಾ? ಎಲ್ಲ ಆಫ್ ಮಾಡಿ, ನೆಗೆಟಿವ್ ಬಿಚ್ಚಿ, ಕಂಬಕ್ಕೂ ಕೇಬಲಿಗೂ ನಡುವೆ ಮೀಟರನ್ನು 10 ಆಂಪಿಯರ್‌ಗೆ ಇಟ್ಟು ಜೋಡಿಸಿ. ಆಗ ಕೀ ಮುಟ್ಟಬೇಡಿ. 50 ಮಿಲಿಆಂಪಿಯರ್ ಒಳಗಿದ್ದರೆ ಚಿಂತೆ ಇಲ್ಲ. ಅರ್ಧ ಆಂಪಿಯರ್ ತೋರಿಸಿದರೆ 35 ಆಂಪಿಯರ್‌ಅವರ್ ಬ್ಯಾಟರಿ ಮೂರು ದಿನದಲ್ಲಿ ಬರಿದು. ಒಂದೊಂದೇ ಫ್ಯೂಸ್ ತೆಗೆಯುತ್ತಾ ಹೋಗಿ, ಯಾವುದು ತೆಗೆದಾಗ ಅಂಕಿ ಇಳಿಯುತ್ತದೋ ಆ ಸಾಲಿನಲ್ಲೇ ಸೋರಿಕೆ. ಹೊರಗೆ ಹಾಕಿಸಿದ ಸ್ಟೀರಿಯೋ, ಸೆಂಟ್ರಲ್ ಲಾಕ್ ಮೊದಲು ನೋಡಿ. ಫ್ಯೂಸೆಲ್ಲ ತೆಗೆದರೂ ಇಳಿಯದಿದ್ದರೆ ಮೀಟರ್ ತೆಗೆದು, ಡೈನಮೋದ ದಪ್ಪ ವೈರ್ ಬಿಚ್ಚಿ, ಅದರ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ ಮತ್ತೆ ಅಳೆಯಿರಿ. ಈಗ ಇಳಿದರೆ ಡಯೋಡ್ ಕೆಟ್ಟಿದೆ. ಅಷ್ಟಕ್ಕೇ ಹೊಸ ಡೈನಮೋ ಬೇಕಾಗುವುದಿಲ್ಲ, ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಕೊಟ್ಟು ಡಯೋಡ್ ಪ್ಲೇಟ್ ಮಾತ್ರ ಬದಲಿಸಿಕೊಡಿ ಅಂತ ಕೇಳಿ.