24 ಸಾಕಾ, 45 ಬೇಕಾ? ನನ್ನ ಹಳೆ ಫೋಟೋಗಳನ್ನೇ ಕೇಳಿ ನೋಡಿದೆ

ಹೊಸ ಕ್ಯಾಮೆರಾ ತೆಗೆದುಕೊಳ್ಳಬೇಕು ಅಂತ ಹೊರಟಾಗ ಆಯ್ಕೆ ಕೊನೆಗೆ ಎರಡಕ್ಕೆ ಬಂದು ನಿಂತಿತ್ತು. ಒಂದು 24 ಮೆಗಾಪಿಕ್ಸೆಲ್‌ನ (ಒಂದು ಮೆಗಾಪಿಕ್ಸೆಲ್ ಅಂದರೆ ಹತ್ತು ಲಕ್ಷ ಚುಕ್ಕೆ) ಬಾಡಿ, ಅಂದರೆ ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ, ಇನ್ನೊಂದು 45ರದ್ದು. ಎರಡೂ ಫುಲ್ ಫ್ರೇಮ್, ಅಂದರೆ ಬೆಳಕು ಹಿಡಿಯುವ ಸೆನ್ಸರ್ ಹಳೆ ಫಿಲ್ಮ್ ಚೌಕಟ್ಟಿನಷ್ಟೇ ದೊಡ್ಡದು. ನನ್ನ ಹಳೆಯ ಕ್ಯಾಮೆರಾವೂ 24ರ ಫುಲ್ ಫ್ರೇಮ್. ನಾನು ಬಿಡುವಿದ್ದಾಗ ಹಕ್ಕಿಗಳ ಫೋಟೋ ತೆಗೆಯುತ್ತೇನೆ. ಪರಿಚಯದವರು ಕರೆದರೆ ಅವರ ಸಮಾರಂಭಗಳಿಗೂ ಹೋಗುತ್ತೇನೆ. ಆಗೊಮ್ಮೆ ಈಗೊಮ್ಮೆ ಬೆಟ್ಟ, ನೀರು, ಬೆಳಗಿನ ಮಂಜು. ಹೀಗೆ ಮೂರು ಥರದ ಕೆಲಸ ಇರುವವರಿಗೆ ಯಾರನ್ನು ಕೇಳಿದರೂ ನೇರ ಉತ್ತರ ಸಿಗುವುದಿಲ್ಲ. ಕೆಲವರು "ಎಷ್ಟು ಜಾಸ್ತಿ ಇದ್ದರೆ ಅಷ್ಟು ಒಳ್ಳೆಯದು" ಅಂದರು. ಇನ್ನು ಕೆಲವರು "24ಕ್ಕಿಂತ ಜಾಸ್ತಿ ಯಾಕೆ, ಸುಮ್ನೆ ದಂಡ" ಅಂದರು. ಅವರವರ ಕೆಲಸಕ್ಕೆ ಅವರವರ ಮಾತು ಸರಿ. ನನ್ನ ಕೆಲಸಕ್ಕೆ ಯಾವುದು ಸರಿ ಅನ್ನುವುದಕ್ಕೆ ಸಾಕ್ಷಿ ನನ್ನ ಹತ್ತಿರವೇ ಇತ್ತು. ಇಷ್ಟು ವರ್ಷ ನಾನೇ ತೆಗೆದ ಫೋಟೋಗಳು.

ಮೊದಲು ಅಂಕಿ ಏನು ಹೇಳುತ್ತದೆ ಅಂತ ನೋಡಿದೆ. 24 ಮೆಗಾಪಿಕ್ಸೆಲ್ ಅಂದರೆ ಅಗಲಕ್ಕೆ 6000 ಪಿಕ್ಸೆಲ್, ಎತ್ತರಕ್ಕೆ 4000. 45 ಅಂದರೆ ನಾನು ನೋಡುತ್ತಿದ್ದ ಕ್ಯಾಮೆರಾದಲ್ಲಿ 8256 ಮತ್ತು 5504. ಒಟ್ಟು ಸಂಖ್ಯೆ ನೋಡಿದರೆ ಹತ್ತಿರ ಹತ್ತಿರ ಎರಡು ಪಟ್ಟು. ಆದರೆ ಅಗಲ ಹೆಚ್ಚಿದ್ದು 1.38 ಪಟ್ಟು ಮಾತ್ರ. ಕಣ್ಣಿಗೆ ಕಾಣುವ ವಿವರ ಹೆಚ್ಚುವುದು ಈ ಅಗಲದ ಲೆಕ್ಕದಲ್ಲಿ. ವಿವರ ನಿಜಕ್ಕೂ ಎರಡು ಪಟ್ಟಾಗಬೇಕಾದರೆ 24ರಿಂದ 96ಕ್ಕೆ ಹೋಗಬೇಕು. 61 ಮೆಗಾಪಿಕ್ಸೆಲ್‌ನ ಕ್ಯಾಮೆರಾದಲ್ಲಿ ಅಗಲ 9504 ಪಿಕ್ಸೆಲ್, ಅಲ್ಲೂ ಹೆಚ್ಚಳ 1.58 ಪಟ್ಟು. ಇಷ್ಟು ಗೊತ್ತಾದ ಮೇಲೆ ಆ ದೊಡ್ಡ ಸಂಖ್ಯೆಯ ಸೆಳೆತ ಸ್ವಲ್ಪ ಇಳಿಯಿತು.

"ನನ್ನ ಫೋನಿನಲ್ಲೇ 200 ಮೆಗಾಪಿಕ್ಸೆಲ್ ಇದೆಯಲ್ಲ" ಅಂತ ತುಂಬಾ ಜನ ಕೇಳುತ್ತಾರೆ. ಅಂಥ ಫೋನು ಸಾಮಾನ್ಯವಾಗಿ 16 ಪಿಕ್ಸೆಲ್‌ಗಳನ್ನು ಸೇರಿಸಿ ಒಂದು ಮಾಡಿ, 12.5 ಮೆಗಾಪಿಕ್ಸೆಲ್‌ನ ಫೋಟೋ ಕೊಡುತ್ತದೆ. ಬಿಡಿಬಿಡಿಯಾಗಿ ಆ ಪಿಕ್ಸೆಲ್‌ಗಳು ತೀರಾ ಸಣ್ಣವು, ಅದಕ್ಕೇ ಈ ಜೋಡಣೆ. ಫೋನಿನ ಅಂಕಿಯನ್ನೂ ಕ್ಯಾಮೆರಾದ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ನೋಡಬೇಡಿ.

ಆಮೇಲೆ ಹಳೆ ಫೋಟೋಗಳಿಗೆ ಬಂದೆ. ಬೇರೆಯವರಿಗೆ ಕೊಟ್ಟಿದ್ದು, ಪ್ರಿಂಟಿಗೆ ಕಳಿಸಿದ್ದು, ನಾನೇ ಇಟ್ಟುಕೊಂಡಿದ್ದು, ಎಲ್ಲವೂ ಒಂದು ಫೋಲ್ಡರ್‌ನಲ್ಲಿ ಇರುತ್ತವೆ. ಅವನ್ನು ಪಿಕ್ಸೆಲ್ ಅಳತೆಯ ಪ್ರಕಾರ ಜೋಡಿಸಿ ನೋಡಿದೆ. ತೆಗೆದಾಗ ಎಷ್ಟಿತ್ತು ಅಂತಲ್ಲ, ಕ್ರಾಪ್ ಮಾಡಿದ (ಅಂಚು ಕತ್ತರಿಸಿದ) ಮೇಲೆ ಎಷ್ಟು ಉಳಿದಿದೆ ಅಂತ. ಕ್ಯಾಮೆರಾ ಬದಲಿಸಬೇಕು ಅನ್ನುವ ಎಲ್ಲರಿಗೂ ನಾನು ಮೊದಲು ಹೇಳುವುದು ಇದೊಂದು ಕೆಲಸ. ಸಂಜೆಯ ಒಂದಿಷ್ಟು ಹೊತ್ತು ಸಾಕು, ನಿಮ್ಮ ಅಭ್ಯಾಸವೆಲ್ಲ ಕಣ್ಣೆದುರಿಗೆ ಬರುತ್ತದೆ.

ಸಮಾರಂಭದ ಫೋಟೋಗಳಲ್ಲಿ ನಾನು ಕತ್ತರಿಸುವುದು ತೀರಾ ಕಡಿಮೆ. ಹತ್ತಿರ ಹೋಗಿ ತೆಗೆಯಬಹುದು, ಹೋಗುತ್ತೇನೆ. ಆ ಫೋಟೋಗಳನ್ನು ಜನ ನೋಡುವುದು ಫೋನಿನಲ್ಲಿ, ಟಿವಿಯಲ್ಲಿ, ಆಲ್ಬಮ್‌ನಲ್ಲಿ. 4ಕೆ ಟಿವಿಯ ಇಡೀ ಪರದೆ 8.3 ಮೆಗಾಪಿಕ್ಸೆಲ್. ಎ4 ಹಾಳೆಗೆ ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ ಪ್ರಿಂಟ್ ಹಾಕಿದರೆ ಬೇಕಾಗುವುದು 8.7. ಎ3ಗೆ 17.4. ಅಂದರೆ 24ರಲ್ಲೇ ಇನ್ನೂ ಉಳಿಯುತ್ತದೆ. ಒಂದೇ ಒಂದು ಕಡೆ ನನಗೆ ಜಾಸ್ತಿ ಇದ್ದಿದ್ದರೆ ಅನ್ನಿಸಿದ್ದು ಗ್ರೂಪ್ ಫೋಟೋದಲ್ಲಿ. ಒಂದು ಸಾಲಿನಲ್ಲಿ 20 ಜನ ನಿಂತರೆ 24 ಮೆಗಾಪಿಕ್ಸೆಲ್‌ನಲ್ಲಿ ಒಬ್ಬೊಬ್ಬರ ಪಾಲಿಗೆ 300 ಪಿಕ್ಸೆಲ್ ಅಗಲ. ಅದರಲ್ಲಿ ಮುಖಕ್ಕೆ ಸಿಗುವುದು ಅದಕ್ಕಿಂತ ಕಡಿಮೆ. ಎಲ್ಲರೂ ತಮ್ಮ ಮುಖವನ್ನು ಹಿಗ್ಗಿಸಿ ನೋಡುತ್ತಾರೆ, ಅಲ್ವಾ? 45ರಲ್ಲಿ ಆ ಪಾಲು 412 ಆಗುತ್ತದೆ. ಗೊತ್ತಾಗುವ ವ್ಯತ್ಯಾಸವೇ. ಆದರೆ ಅದೊಂದಕ್ಕೇ ಕ್ಯಾಮೆರಾ ಬದಲಿಸುವಷ್ಟಲ್ಲ.

ದೊಡ್ಡ ಪ್ರಿಂಟಿನ ವಿಷಯದಲ್ಲಿ ನನ್ನ ಊಹೆಯನ್ನು ನಂಬದೆ ಪರೀಕ್ಷೆ ಮಾಡಿದೆ. ಬೆಟ್ಟದ ಒಂದು ಫೋಟೋವನ್ನು ಎ1 ಅಳತೆಗೆ ಹಿಗ್ಗಿಸಿ, ಇಡೀ ಪ್ರಿಂಟ್ ಹಾಕಿಸದೆ ಅದರ ನಡುವಿನ ಎ4 ತುಂಡೊಂದನ್ನು ಮಾತ್ರ ಪ್ರಿಂಟ್ ಹಾಕಿಸಿದೆ. ಎ1ನ ಉದ್ದಕ್ಕೆ 6000 ಪಿಕ್ಸೆಲ್ ಹಂಚಿದರೆ ಇಂಚಿಗೆ ಸುಮಾರು 180 ಬರುತ್ತದೆ. 8256 ಆದರೆ ಸುಮಾರು 250. ಆ ತುಂಡನ್ನು ಗೋಡೆಗೆ ಅಂಟಿಸಿ ಹಿಂದೆ ಸರಿದು ನಿಂತೆ. ಒಂದು ಮೀಟರ್ ದೂರದಿಂದ ಏನೂ ಕೊರತೆ ಕಾಣಲಿಲ್ಲ. ಸಾಮಾನ್ಯ ದೃಷ್ಟಿಯ ಕಣ್ಣು ಆ ದೂರದಲ್ಲಿ ಬಿಡಿಸಿ ನೋಡಬಲ್ಲದ್ದು ಇಂಚಿಗೆ 90 ಚುಕ್ಕೆಯ ಆಸುಪಾಸು ಮಾತ್ರ. ಪುಸ್ತಕ ಓದುವಷ್ಟು ಹತ್ತಿರ ಹೋದಾಗ ಹುಲ್ಲಿನ ಎಸಳುಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ ಕಂಡವು. 300ರ ಲೆಕ್ಕ ಬಂದಿರುವುದೇ ಆ ಹತ್ತಿರದ ನೋಟಕ್ಕಾಗಿ. ದೊಡ್ಡ ಪ್ರಿಂಟಿನ ಹತ್ತಿರಕ್ಕೆ ಬಂದು ಮೂಗು ತಾಗಿಸಿ ನೋಡುವವರಿಗಾಗಿ ನೀವು ಕೆಲಸ ಮಾಡುತ್ತಿದ್ದರೆ, ನಕ್ಷೆ, ಹಳೆಯ ಬರಹ, ಚಿತ್ರಕಲೆಯ ಪ್ರತಿ ತೆಗೆಯುತ್ತಿದ್ದರೆ, ಹೆಚ್ಚಿನ ಪಿಕ್ಸೆಲ್ ಖಂಡಿತ ಬೇಕು. ಗೋಡೆಯ ಮೇಲಿನ ಫೋಟೋವನ್ನು ನಿಂತು ನೋಡುವವರಿಗೆ ಬೇಡ.

ಇನ್ನು ಹಕ್ಕಿಗಳು. ಇಲ್ಲಿ ಫೋಲ್ಡರ್ ಬೇರೆಯೇ ಕತೆ ಹೇಳಿತು. ನಾನು ಇಷ್ಟಪಟ್ಟು ಇಟ್ಟುಕೊಂಡ ಹಕ್ಕಿ ಫೋಟೋಗಳಲ್ಲಿ ಹೆಚ್ಚಿನವು ಅಗಲದಲ್ಲಿ ಅರ್ಧಕ್ಕೂ ಕಡಿಮೆ ಉಳಿದಿದ್ದವು. ಅಗಲ ಅರ್ಧವಾದರೆ ಎತ್ತರವೂ ಅರ್ಧ, 24ರಲ್ಲಿ ಕೈಗೆ ಉಳಿಯುವುದು 6 ಮೆಗಾಪಿಕ್ಸೆಲ್. 45 ಆಗಿದ್ದರೆ 11ಕ್ಕಿಂತ ಸ್ವಲ್ಪ ಜಾಸ್ತಿ. 6ರಲ್ಲಿ ಇಂಚಿಗೆ 300ರ ಲೆಕ್ಕದ ಎ4 ಪ್ರಿಂಟ್ ಆಗುವುದಿಲ್ಲ, 11ರಲ್ಲಿ ಆಗುತ್ತದೆ. ಇದು ನನಗೆ ಮುಖ್ಯ. ಹಕ್ಕಿಯ ಹತ್ತಿರ ಹೋಗಿ ಅಂತ ಹೇಳುವುದು ಸುಲಭ. ಗೂಡಿರುವ ಕಡೆ ಹೋಗಬಾರದು. ಆಹಾರ ಹುಡುಕುತ್ತಿರುವ ಹಕ್ಕಿಯನ್ನು ಎಬ್ಬಿಸಿ ಓಡಿಸಿದ ಫೋಟೋ ನನಗೆ ಬೇಡವೇ ಬೇಡ. ದೂರ ಇದ್ದೇ ತೆಗೆಯಬೇಕು ಅಂತಾದರೆ ಕ್ರಾಪ್ ಅನಿವಾರ್ಯ.

ಹಾಗಾಗಿ 45ರ ಬಾಡಿಯನ್ನು ಬಾಡಿಗೆಗೆ ತಂದು, ನನ್ನದೇ 400 ಎಂಎಂ ಲೆನ್ಸ್ ಹಾಕಿ ನೀರಿನ ಬದಿಗೆ ಹೋದೆ. ಸಣ್ಣ ನೀಲಿ ಮಿಂಚುಳ್ಳಿಯೊಂದು ದಿನಾ ಬಂದು ಕೂರುವ ಕೊಂಬೆ ನನಗೆ ಗೊತ್ತಿತ್ತು. ಟ್ರೈಪಾಡ್ ಮೇಲೆ ಒಂದಾದ ಮೇಲೊಂದು ಎರಡೂ ಬಾಡಿ ಹಾಕಿ ತೆಗೆದೆ. ಹಕ್ಕಿ ಚೌಕಟ್ಟಿನ ಐದನೇ ಒಂದು ಭಾಗದಷ್ಟು ಅಗಲ ಇತ್ತು. ಅಂದರೆ ಒಂದರಲ್ಲಿ 1200 ಪಿಕ್ಸೆಲ್, ಇನ್ನೊಂದರಲ್ಲಿ ಸುಮಾರು 1650. ಮನೆಗೆ ಬಂದು ಎರಡನ್ನೂ ಒಂದೇ ಅಳತೆಗೆ ತಂದು ಪಕ್ಕಪಕ್ಕ ಇಟ್ಟೆ. ಈ ಮಿಂಚುಳ್ಳಿಯ ನೆತ್ತಿಯ ಮೇಲೆ ತಿಳಿನೀಲಿ ಚುಕ್ಕೆಗಳ ಸಾಲುಗಳಿರುತ್ತವೆ. 24ರಲ್ಲಿ ಅವು ಕೂಡಿಕೊಂಡು ನೀಲಿ ಗೀಟಿನ ಹಾಗೆ ಕಂಡವು. 45ರಲ್ಲಿ ಚುಕ್ಕೆ ಚುಕ್ಕೆಯಾಗಿ ಬೇರೆಯಾದವು. ಕೊಕ್ಕಿನ ಬುಡದ ನವಿರು ಗರಿಗಳೂ ಅಷ್ಟೇ. ಆ ನೆತ್ತಿಯನ್ನು ನಾನು ತುಂಬಾ ಹೊತ್ತು ನೋಡುತ್ತಾ ಕೂತೆ. ಇದಕ್ಕಾಗಿಯೇ ಅಲ್ವಾ ಬೆಳಗ್ಗೆ ಎದ್ದು ಹೋಗುವುದು!

ಆದರೆ ಎಲ್ಲ ಫ್ರೇಮ್‌ಗಳಲ್ಲೂ ಹೀಗಾಗಲಿಲ್ಲ. ಶಟರ್ ಸ್ಪೀಡ್ (ಬೆಳಕು ಒಳಬಿಡುವ ಹೊತ್ತು) ಸೆಕೆಂಡಿನ 1/400 ಇದ್ದ ಫ್ರೇಮ್‌ಗಳಲ್ಲಿ ಎರಡು ಬಾಡಿಗೂ ಹೆಚ್ಚುಕಡಿಮೆ ಏನೂ ವ್ಯತ್ಯಾಸ ಇರಲಿಲ್ಲ. ಹಕ್ಕಿ ತಲೆ ಸ್ವಲ್ಪ ಅಲ್ಲಾಡಿಸಿದರೂ ಸಾಕು, ಹೆಚ್ಚಿಗೆ ಸಿಗಬೇಕಾದ ವಿವರ ಕರಗಿಹೋಗುತ್ತಿತ್ತು. 24ರ ಫುಲ್ ಫ್ರೇಮ್ ಸೆನ್ಸರ್‌ನಲ್ಲಿ ಒಂದು ಪಿಕ್ಸೆಲ್ 6 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್), 45ರಲ್ಲಿ ಸುಮಾರು 4.4. ಚಿತ್ರ ಅಷ್ಟು ಸರಿದರೆ ಸಾಕು, ಪಕ್ಕದ ಪಿಕ್ಸೆಲ್‌ಗೆ ಹೋಗಿಬಿಡುತ್ತದೆ. 1/1000 ದಾಟಿದ ಮೇಲೆ ವ್ಯತ್ಯಾಸ ಕಾಣತೊಡಗಿತು. ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಕೈ ಅಲ್ಲಾಡಿದರೆ ಹೆಚ್ಚು ಪಿಕ್ಸೆಲ್‌ನ ಕ್ಯಾಮೆರಾ ಫೋಟೋವನ್ನು ಇನ್ನಷ್ಟು ಕೆಡಿಸುತ್ತದೆ ಅಂತ ಹೇಳುವುದುಂಟು. ಅದು ಸರಿಯಲ್ಲ. ಅದೇ ಅಳತೆಯಲ್ಲಿ ನೋಡಿದರೆ ಕಡಿಮೆ ಪಿಕ್ಸೆಲ್‌ನ ಫೋಟೋದಷ್ಟೇ ಇರುತ್ತದೆ. ಕೊಟ್ಟ ದುಡ್ಡಿಗೆ ಸಿಗಬೇಕಾದ ಲಾಭ ಸಿಗುವುದಿಲ್ಲ, ಅಷ್ಟೇ.

ಬಿಸಿಲೇರಿದ ಮೇಲೆ ಇನ್ನೊಂದು ವಿಷಯ ಗೊತ್ತಾಯಿತು. ದೂರದ ಹಕ್ಕಿಗೂ ನನಗೂ ನಡುವೆ ಬಿಸಿಗಾಳಿ ಅಲೆಯಾಡುತ್ತಿತ್ತು. ಎಷ್ಟು ಪಿಕ್ಸೆಲ್ ಇದ್ದರೂ ಆ ಅಲೆಯೇ ದಾಖಲಾಗುವುದು. ದೂರದ ಹಕ್ಕಿಯನ್ನು ಹತ್ತಿರ ತರುವ ಭರವಸೆಯಲ್ಲಿ ಹೆಚ್ಚು ಪಿಕ್ಸೆಲ್ ಕೊಳ್ಳುವವರು ಬೆಳಗಿನ ತಂಪಿನಲ್ಲಿ ಹೋಗುವವರಾ, ಮಧ್ಯಾಹ್ನ ಹೋಗುವವರಾ ಅಂತ ಯೋಚಿಸಬೇಕು.

ಲೆನ್ಸ್ ಕೂಡ ಹೀಗೇ. ನನ್ನ 400 ಎಂಎಂ ಲೆನ್ಸ್ ಸರಿಹೊಂದಿತು. ಆದರೆ ಸಮಾರಂಭಕ್ಕೆ ಬಳಸುವ ಹಳೆಯ ಜೂಮ್ ಹಾಕಿ ನೋಡಿದಾಗ ನಡುವಿನಲ್ಲಿ ಸ್ವಲ್ಪ ಲಾಭ ಕಂಡಿತು, ಮೂಲೆಗಳಲ್ಲಿ ಏನೂ ಇಲ್ಲ. ಬೆಟ್ಟದ ಫೋಟೋಗೆ ಎಫ್/16ಕ್ಕೆ (ಇದು ಲೆನ್ಸಿನ ತೂತಿನ ಅಳತೆ, ಅಂಕಿ ದೊಡ್ಡದಾದಷ್ಟೂ ತೂತು ಕಿರಿದು) ಹೋದರೆ ಇನ್ನೂ ಕಡಿಮೆ. ಲೆನ್ಸಿನ ತೂತು ಕಿರಿದಾದಷ್ಟೂ ಬೆಳಕು ಹರಡಿಕೊಳ್ಳುತ್ತದೆ. ಎಫ್/16ರಲ್ಲಿ ಒಂದು ಬಿಂದುವಿನ ಬೆಳಕು 21 ಮೈಕ್ರಾನ್‌ಗೂ ಅಗಲದ ಚಕ್ಕೆಯಾಗುತ್ತದೆ. ಎಫ್/8ರಲ್ಲಿ ಅದು 11ರೊಳಗೆ ಇರುತ್ತದೆ. ನೀವು ಕೀಟಗಳನ್ನೋ ಹೂಗಳನ್ನೋ ಸದಾ ಎಫ್/16ರಲ್ಲಿ ತೆಗೆಯುವವರಾದರೆ ಹೊಸ ಬಾಡಿ ಕೊಳ್ಳುವ ಮುಂಚೆ ಇದನ್ನು ಗಮನಿಸಿ.

ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಸಣ್ಣ ಸೆನ್ಸರ್‌ನ) ಕ್ಯಾಮೆರಾದಲ್ಲಿ ಹಕ್ಕಿ ತೆಗೆಯುವವರಿಗೆ ಒಂದು ಮಾತು, ಯಾಕೆಂದರೆ ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಸೆನ್ಸರ್‌ನಲ್ಲಿ ಪಿಕ್ಸೆಲ್ ಅಳತೆ ಸುಮಾರು 3.9 ಮೈಕ್ರಾನ್. 45ರ ಫುಲ್ ಫ್ರೇಮ್‌ಗಿಂತಲೂ ಅದು ಒತ್ತಾಗಿದೆ! ಅದೇ ಲೆನ್ಸ್ ಹಾಕಿ, ಅದೇ ದೂರದಿಂದ ತೆಗೆದರೆ 45ರ ಫುಲ್ ಫ್ರೇಮ್‌ನಲ್ಲಿ ಹಕ್ಕಿಯ ಮೇಲೆ ಬೀಳುವ ಪಿಕ್ಸೆಲ್‌ಗಳು ಕಡಿಮೆಯಾಗುತ್ತವೆ. ಆ ಕ್ಯಾಮೆರಾದಲ್ಲಿ ಎಪಿಎಸ್-ಸಿ ಅಳತೆಗೆ ಕತ್ತರಿಸಿದರೆ ಉಳಿಯುವುದು 19.5 ಮೆಗಾಪಿಕ್ಸೆಲ್. ಅಂಥವರು ಬದಲಾಯಿಸಲು ಬೇರೆ ಕಾರಣ ಇರಬಹುದು, ಹಕ್ಕಿಯ ವಿವರ ಮಾತ್ರ ಕಾರಣವಾಗಲಾರದು. ನನ್ನದು 24ರ ಫುಲ್ ಫ್ರೇಮ್ ಆಗಿದ್ದರಿಂದ ಲಾಭ ಸಿಕ್ಕಿತು.

1.4 ಪಟ್ಟಿನ ಟೆಲಿಕನ್ವರ್ಟರ್ (ಲೆನ್ಸಿಗೂ ಬಾಡಿಗೂ ನಡುವೆ ಹಾಕಿ ಚಿತ್ರ ಹಿಗ್ಗಿಸುವ ಸಾಧನ) ಹಾಕಿದರೆ ಇದೇ ಕೆಲಸ ಆಗುವುದಿಲ್ಲವಾ ಅಂತಲೂ ಯೋಚಿಸಿದೆ. 400 ಹೋಗಿ 560 ಆಗುತ್ತದೆ, 45ರ ಬಾಡಿಯ 1.38 ಪಟ್ಟಿಗೆ ಹತ್ತಿರದ ಲೆಕ್ಕ. ಕನ್ವರ್ಟರ್ ಒಂದು ಸ್ಟಾಪ್, ಅಂದರೆ ಅರ್ಧದಷ್ಟು ಬೆಳಕು ತಿನ್ನುತ್ತದೆ. ಕ್ರಾಪ್ ಮಾಡಿದಾಗಲೂ ಹೆಚ್ಚುಕಡಿಮೆ ಅಷ್ಟೇ ಬೆಳಕನ್ನು ಅಂಚಿನಲ್ಲಿ ಬಿಸಾಡುತ್ತೇವೆ, ಹಾಗಾಗಿ ನಾಯ್ಸ್ (ಫೋಟೋದಲ್ಲಿ ಕಾಣುವ ಕಾಳುಕಾಳು) ವಿಷಯದಲ್ಲಿ ಎರಡೂ ಒಂದೇ. ನನ್ನನ್ನು ಬಾಡಿಯ ಕಡೆಗೆ ಎಳೆದಿದ್ದು ಬೇರೆ. ಅಗಲವಾದ ಚೌಕಟ್ಟು ಇದ್ದರೆ ಹಾರುವ ಹಕ್ಕಿ ಕೈತಪ್ಪುವುದಿಲ್ಲ. ರೆಕ್ಕೆ ತುದಿ ಕತ್ತರಿಸಿಹೋಗುವುದಿಲ್ಲ. ಎಲ್ಲಿ ಕತ್ತರಿಸಬೇಕು ಅನ್ನುವುದನ್ನು ಆಮೇಲೆ ಕೂತು ಯೋಚಿಸಬಹುದು. ಆದರೂ ದುಡ್ಡು ಲೆಕ್ಕ ಹಾಕುವವರಿಗೆ ಕನ್ವರ್ಟರ್ ಒಳ್ಳೆಯ ದಾರಿಯೇ. ಲೆನ್ಸ್ ಅದಕ್ಕೆ ಒಗ್ಗಬೇಕು.

ಫೈಲುಗಳ ಭಾರವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. 45ರ ಒಂದು ರಾ ಫೈಲ್ (ಜೆಪೆಗ್ ಮಾಡುವ ಮುಂಚಿನ ಮೂಲ ಫೈಲು), ಗುಣ ಕೆಡದ ಹಾಗೆ ಕುಗ್ಗಿಸಿದರೂ 50 ಎಂಬಿ ಆಸುಪಾಸು ಬರುತ್ತದೆ. 1000 ಫ್ರೇಮ್‌ಗೆ 50 ಜಿಬಿ. ನಾನು ಎಲ್ಲವನ್ನೂ ಮೂರು ಕಡೆ ಇಡುತ್ತೇನೆ, ಅಂದರೆ 150 ಜಿಬಿ. ಹಾರುವ ಹಕ್ಕಿಗೆ ಒತ್ತಿ ಹಿಡಿದರೆ 1000 ಫ್ರೇಮ್ ಆಗುವುದು ದೊಡ್ಡದಲ್ಲ. ನಾಯ್ಸ್ ತೆಗೆಯುವ ಸಾಫ್ಟ್‌ವೇರ್ ಪ್ರತಿ ಪಿಕ್ಸೆಲ್ಲಿಗೂ ಕೆಲಸ ಮಾಡಬೇಕು, ಪಿಕ್ಸೆಲ್ ಹೆಚ್ಚಾದಷ್ಟು ಕಾಯಬೇಕು. ಕಾರ್ಡ್ ನಿಧಾನ ಇದ್ದರೆ ಒಳಗಿನ ಬಫರ್ (ಫೋಟೋ ಕಾರ್ಡಿಗೆ ಹೋಗುವ ಮುಂಚೆ ನಿಲ್ಲುವ ಜಾಗ) ಬೇಗ ತುಂಬಿ, ಬೇಕಾದ ಕ್ಷಣಕ್ಕೆ ಸರಿಯಾಗಿ ಕ್ಯಾಮೆರಾ ನಿಧಾನವಾಗುತ್ತದೆ. ಬಾಡಿಯ ಬೆಲೆಯ ಜೊತೆಗೆ ವೇಗದ ಕಾರ್ಡ್, ಹಾರ್ಡ್ ಡಿಸ್ಕ್, ಬೇಕಾದರೆ ಕಂಪ್ಯೂಟರ್ ಮೆಮೊರಿ ಎಲ್ಲ ಸೇರಿಸಿಯೇ ನಾನು ಲೆಕ್ಕ ಹಾಕಿದೆ.

ಕೊನೆಗೆ 45ರ ಬಾಡಿಯನ್ನೇ ತೆಗೆದುಕೊಂಡೆ, ಹಕ್ಕಿಗಳಿಗಾಗಿ. ಹಳೆಯ 24ರದ್ದನ್ನು ಮಾರಲಿಲ್ಲ. ಸಮಾರಂಭಗಳಿಗೆ ಇವತ್ತಿಗೂ ಅದನ್ನೇ ಒಯ್ಯುತ್ತೇನೆ. ಒಂದು ದಿನದ ಕೆಲಸ ಮುಗಿಸಿ ರಾತ್ರಿಯೇ ಫೋಟೋ ಆರಿಸಿ ಕೊಡಬೇಕಾದಾಗ ಸಣ್ಣ ಫೈಲು ನನಗೆ ನಿಜವಾದ ಸಹಾಯ. ನನಗೆ ಸಮಾರಂಭದ ಕೆಲಸ ಮಾತ್ರ ಇದ್ದಿದ್ದರೆ ಹೊಸ ಬಾಡಿಯ ದುಡ್ಡನ್ನು ಒಂದು ಒಳ್ಳೆಯ ಲೆನ್ಸಿಗೆ ಹಾಕುತ್ತಿದ್ದೆ, ಅದರಲ್ಲಿ ಎರಡು ಮಾತಿಲ್ಲ.

ನೀವೂ ಇದೇ ಗೊಂದಲದಲ್ಲಿದ್ದರೆ, ಬಾಡಿಗೆಗೆ ತರುವುದಕ್ಕೂ ಮುಂಚೆ ಆ ಕ್ಯಾಮೆರಾ ಇರುವವರಿಂದ ಕೆಲವು ರಾ ಫೈಲುಗಳನ್ನು ತರಿಸಿಕೊಳ್ಳಿ. ನಿಮ್ಮ ಕಂಪ್ಯೂಟರಿನಲ್ಲಿ ತೆರೆದು, ನಿಮ್ಮ ದಿನನಿತ್ಯದ ಎಡಿಟಿಂಗ್ ಪೂರ್ತಿ ಮಾಡಿ ನೋಡಿ. ಆಮೇಲೆ ಕ್ಯಾಮೆರಾದ ಮೆನುವಿನಲ್ಲಿ ಸಣ್ಣ ಅಳತೆಯ ರಾ ಆಯ್ಕೆ ಇದೆಯಾ ಅಂತ ಕೇಳಿ. ಕೆಲವು ಬಾಡಿಗಳಲ್ಲಿ ಇರುತ್ತದೆ, ಕೆಲವದರಲ್ಲಿ ಸಣ್ಣ ಜೆಪೆಗ್ ಮಾತ್ರ. ಒಂದೇ ಬಾಡಿಯಲ್ಲಿ ಎರಡೂ ಥರದ ಕೆಲಸ ಮಾಡುವವರಿಗೆ ಆ ಒಂದು ಆಯ್ಕೆ ಬಹಳ ದೊಡ್ಡದು.