ಆನ್‌ಲೈನ್ ಡಿಸೆಕ್ಷನ್ ಕ್ಲಾಸಿನಲ್ಲಿ ನಾನು ಅನಾಟಮಿ ಕಲಿತದ್ದು

ಹನ್ನೊಂದು ವರ್ಷ ನಾನು ಜನರ ತೊಡೆಯ ಹೊರಬದಿಯನ್ನು ಮೊಣಕೈಯಿಂದ ಒತ್ತಿದ್ದೇನೆ. ಓಡುವವರು ಬರುತ್ತಿದ್ದರು, ಮೊಣಕಾಲಿನ ಪಕ್ಕ ನೋವು ಅನ್ನುತ್ತಿದ್ದರು. "ಐಟಿ ಬ್ಯಾಂಡ್ ಬಿಗಿಯಾಗಿದೆ, ಸಡಿಲ ಮಾಡೋಣ" ಅಂತ ಹೇಳಿ ಎಣ್ಣೆ ಹಚ್ಚಿ ಶುರು ಮಾಡುತ್ತಿದ್ದೆ. ಅವರು ಹಲ್ಲು ಕಚ್ಚಿಕೊಂಡು ಮಲಗಿರುತ್ತಿದ್ದರು. ನನ್ನ ತಲೆಯಲ್ಲಿ ಇದ್ದದ್ದು ಗೋಡೆಯ ಮೇಲಿನ ಚಾರ್ಟಿನ ಚಿತ್ರ: ಕೆಂಪು ಸ್ನಾಯುಗಳ ನಡುವೆ ಸೊಂಟದಿಂದ ಮೊಣಕಾಲಿನವರೆಗೆ ಇಳಿಬಿದ್ದ ಒಂದು ಬಿಳಿ ಪಟ್ಟಿ, ಬೆಲ್ಟಿನ ಹಾಗೆ. ಅದೇ ಐಟಿ (ಇಲಿಯೋಟಿಬಿಯಲ್) ಬ್ಯಾಂಡ್. ಬೆಲ್ಟ್ ಅಂದಮೇಲೆ ಸಡಿಲ ಮಾಡಬಹುದು, ಅಲ್ವಾ?

ಆ ಬೆಲ್ಟ್ ಇರುವುದು ಚಾರ್ಟಿನಲ್ಲಿ ಮಾತ್ರ ಅಂತ ಗೊತ್ತಾದದ್ದು ಡಿಸೆಕ್ಷನ್ ಕ್ಲಾಸಿನ, ಅಂದರೆ ಸತ್ತವರ ದೇಹವನ್ನು ಪದರ ಪದರವಾಗಿ ಬಿಡಿಸಿ ತೋರಿಸುವ ಕ್ಲಾಸಿನ, ಮೂರನೇ ದಿನ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಡಾಕ್ಟರ್ ಅಲ್ಲ. ಮಸಾಜ್ ಮಾಡುವುದು, ಚಲನೆ ಕಲಿಸುವುದು ನನ್ನ ಕೆಲಸ. 206 ಮೂಳೆಗಳ ಹೆಸರು ಬಾಯಿಪಾಠ ಇತ್ತು. ಯಾವ ಸ್ನಾಯು ಎಲ್ಲಿ ಶುರುವಾಗಿ ಎಲ್ಲಿ ಅಂಟುತ್ತದೆ ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಆದರೆ ಒಂದು ದಿನವೂ ಚರ್ಮದ ಒಳಗೆ ಇಣುಕಿದವಳಲ್ಲ. ನಮ್ಮಂಥವರನ್ನು ಡಿಸೆಕ್ಷನ್ ಹಾಲಿನ ಒಳಗೆ ಸುಲಭವಾಗಿ ಬಿಡುವುದೂ ಇಲ್ಲ. ಹಾಗಾಗಿ ಆನ್‌ಲೈನ್ ಕ್ಲಾಸ್ ಇದೆ ಅಂತ ಕೇಳಿದಾಗ ಜಾಸ್ತಿ ಯೋಚಿಸಲಿಲ್ಲ.

ಮೊದಲ ಸಲ ಎಡವಿದೆ. ದುಡ್ಡು ಕಟ್ಟಿ ಸೇರಿದ್ದು ಮೊದಲೇ ರೆಕಾರ್ಡ್ ಮಾಡಿಟ್ಟ ಕೋರ್ಸ್. ಅದರಲ್ಲಿ ದೇಹವನ್ನು ಆಗಲೇ ಬಿಡಿಸಿ ಇಟ್ಟಿದ್ದರು. ಬೂದು ಬಣ್ಣಕ್ಕೆ ತಿರುಗಿದ, ರಬ್ಬರಿನಂತೆ ಸೆಟೆದ ಸ್ನಾಯುಗಳ ಮೇಲೆ ಒಂದು ಕಡ್ಡಿ ಓಡಾಡುತ್ತಿತ್ತು. "ಇದು ಇಂಥದ್ದು, ಇದು ಇಂಥದ್ದು." ಹದಿನಾಲ್ಕು ಗಂಟೆ ನೋಡಿದೆ. ಹೆಸರುಗಳು ಗಟ್ಟಿಯಾದವು, ಅಷ್ಟೇ. ಚಾರ್ಟನ್ನೇ ಬಣ್ಣ ತೆಗೆದು ತೋರಿಸಿದಂತಿತ್ತು.

ಯಾಕೆ ಹಾಗಾಯಿತು ಅಂತ ಆಮೇಲೆ ತಿಳಿಯಿತು. ಕೆಡದಂತೆ ಫಾರ್ಮಾಲಿನ್ ಅನ್ನುವ ರಾಸಾಯನಿಕ ಹಾಕಿದ ದೇಹ ಗಟ್ಟಿಯಾಗುತ್ತದೆ, ಬಣ್ಣ ಕಳೆದುಕೊಳ್ಳುತ್ತದೆ, ಕೀಲುಗಳು ಅಷ್ಟಾಗಿ ಆಡುವುದಿಲ್ಲ. ಪದರಗಳು ಒಂದರ ಮೇಲೊಂದು ಜಾರುವುದೂ ಕಾಣುವುದಿಲ್ಲ. ನಮ್ಮ ಕೆಲಸಕ್ಕೆ ಬೇಕಾದದ್ದು ಆ ಜಾರುವಿಕೆಯೇ. ಆಸ್ಟ್ರಿಯಾದ ಗ್ರಾಜ್‌ನಲ್ಲಿ ವಾಲ್ಟರ್ ಥೀಲ್ ಅನ್ನುವವರು 1992ರಲ್ಲಿ ಬೇರೊಂದು ವಿಧಾನ ಪ್ರಕಟಿಸಿದರು. ಅದರಲ್ಲಿ ದೇಹ ಮೆತ್ತಗೆ, ಬಣ್ಣ ಉಳಿಸಿಕೊಂಡು, ಕೀಲು ಬಗ್ಗುವ ಹಾಗೆ ಇರುತ್ತದೆ. ಮೂರನೆಯದು ಯಾವ ರಾಸಾಯನಿಕವೂ ಇಲ್ಲದೆ ತಣ್ಣಗೆ ಕಾಪಾಡಿದ ದೇಹ. ಬದುಕಿದ್ದ ದೇಹಕ್ಕೆ ಇದೇ ಹತ್ತಿರ, ಆದರೆ ಬೇಗ ಕೆಡುತ್ತದೆ, ಕೆಲವೇ ದಿನಗಳಲ್ಲಿ ಕೆಲಸ ಮುಗಿಸಬೇಕು. ಹೀಗಾಗಿ ಎರಡನೇ ಸಲ ಸೇರುವ ಮೊದಲು ಮೂರು ಪ್ರಶ್ನೆ ಕೇಳಿದೆ. ದೇಹ ಯಾವ ಬಗೆಯದು? ಚರ್ಮದಿಂದಲೇ ಶುರು ಮಾಡುತ್ತೀರಾ? ನಡುವೆ ಪ್ರಶ್ನೆ ಕೇಳಬಹುದಾ? ಮೂರಕ್ಕೂ ಸರಿಯಾದ ಉತ್ತರ ಸಿಕ್ಕ ಮೇಲೆ ಐದು ದಿನದ ಲೈವ್ ಕ್ಲಾಸಿಗೆ ಸೇರಿದೆ.

ನಿಯಮಗಳು ಬಿಗಿಯಾಗಿದ್ದವು. ರೆಕಾರ್ಡ್ ಮಾಡುವಂತಿಲ್ಲ, ಸ್ಕ್ರೀನ್‌ಶಾಟ್ ತೆಗೆಯುವಂತಿಲ್ಲ, ಕೋಣೆಯಲ್ಲಿ ಬೇರೆ ಯಾರೂ ಇರುವಂತಿಲ್ಲ. ದೇಹ ಕೊಟ್ಟವರು ಬದುಕಿರುವಾಗಲೇ ಒಪ್ಪಿಗೆ ಬರೆದುಕೊಟ್ಟಿದ್ದರು. ಅವರ ವಯಸ್ಸು, ಸಾವಿನ ಕಾರಣ ಹೇಳಿದರು, ಹೆಸರು ಹೇಳಲಿಲ್ಲ. ಮುಖ ಮುಚ್ಚಿತ್ತು. ಶುರು ಮಾಡುವ ಮೊದಲು ಒಂದು ನಿಮಿಷ ಎಲ್ಲರೂ ಮೌನವಾಗಿ ಕುಳಿತೆವು.

ನನಗೆ ತಡೆಯಲಾಗದೆ ಹೋದದ್ದು ಕತ್ತರಿಸಿದ್ದಲ್ಲ. ಕ್ಯಾಮೆರಾ ಕೈಯ ಮೇಲೆ ಬಂದಾಗ ಉಗುರುಗಳಲ್ಲಿ ಬಣ್ಣ ಕಂಡಿತು. ಅರ್ಧ ಬೆಳೆದ ಉಗುರು, ತುದಿಯಲ್ಲಿ ಮಾತ್ರ ಉಳಿದ ಕೆಂಪು. ಯಾರೋ ಕುಳಿತು ಹಚ್ಚಿಕೊಂಡದ್ದು, ಇಲ್ಲಾ ಯಾರೋ ಹಚ್ಚಿದ್ದು. ಕ್ಯಾಮೆರಾ ಆಫ್ ಮಾಡಿ, ಎದ್ದು ಹೋಗಿ ನೀರು ಕುಡಿದು ಬಂದೆ. ನನ್ನ ಹಾಗೆ ಇನ್ನೂ ಮೂರ್ನಾಲ್ಕು ಜನರ ಚೌಕಗಳು ಕಪ್ಪಾಗಿದ್ದವು.

ಮೊದಲ ದಿನ ಪೂರ್ತಿ ಚರ್ಮಕ್ಕೇ ಹೋಯಿತು. ಎರಡನೇ ದಿನ ಕೊಬ್ಬಿನ ಪದರ. ಪುಸ್ತಕಗಳು ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ನಾನು ಅದನ್ನು ಸ್ನಾಯುವಿನ ಮೇಲೆ ಸುಮ್ನೆ ತುಂಬಿಕೊಂಡಿರುವುದು ಅಂದುಕೊಂಡಿದ್ದೆ. ಸ್ಕ್ರೀನಿನ ಮೇಲೆ ಅದು ತಲೆಯಿಂದ ಪಾದದವರೆಗೆ ಒಂದೇ ಹಳದಿ ಹೊದಿಕೆ. ಅದರೊಳಗೆ ನಾರಿನ ಬಲೆ, ಬಲೆಯ ಮಧ್ಯೆ ಸಣ್ಣ ನರಗಳು, ರಕ್ತನಾಳಗಳು. ಎರಡು ಬೆರಳಲ್ಲಿ ಹಿಡಿದು ಎಳೆದರೆ ಇಡೀ ಬೆನ್ನಿನ ಹೊದಿಕೆ ಸರಿಯುತ್ತಿತ್ತು. ನಾನು "ಸ್ನಾಯು ಮುಟ್ಟುತ್ತಿದ್ದೇನೆ" ಅಂದುಕೊಳ್ಳುವಾಗಲೆಲ್ಲ ಮೊದಲು ಮುಟ್ಟುತ್ತಿದ್ದದ್ದು ಇದನ್ನು.

ಮೂರನೇ ದಿನ ತೊಡೆ. ಕೊಬ್ಬು ತೆಗೆದ ಮೇಲೆ ಬೆಳ್ಳಗೆ ಹೊಳೆಯುವ ಒಂದು ಕಾಲುಚೀಲದಂಥದ್ದು ಕಂಡಿತು. ಇಡೀ ತೊಡೆಯನ್ನು ಸುತ್ತಿಕೊಂಡಿತ್ತು. ಫ್ಯಾಶಿಯಾ ಲಾಟಾ. ನಾನು ಬೆಲ್ಟ್ ಹುಡುಕುತ್ತಿದ್ದೆ. ಕಲಿಸುತ್ತಿದ್ದವರು ಸ್ಕಾಲ್ಪೆಲ್ ಹಿಡಿದು ಕೇಳಿದರು: "ಐಟಿ ಬ್ಯಾಂಡ್ ಎಲ್ಲಿ ಶುರುವಾಗುತ್ತದೆ? ಹೇಳಿ, ಅಲ್ಲಿ ಕತ್ತರಿಸುತ್ತೇನೆ." ಒಬ್ಬರು ಒಂದು ಜಾಗ ಹೇಳಿದರು, ಇನ್ನೊಬ್ಬರು ಎರಡು ಬೆರಳು ಆಚೆ ಹೇಳಿದರು. ಅಂಚೇ ಇಲ್ಲ. ಹೊರಬದಿಯಲ್ಲಿ ಅದೇ ಚೀಲ ದಪ್ಪವಾಗಿದೆ, ಅಷ್ಟೇ. ಕೊನೆಗೆ ಅವರು ಎರಡು ನೇರ ಗೆರೆ ಎಳೆದು ಕತ್ತರಿಸಿದರು. ಆಗ ಬಂತು ನೋಡಿ, ಚಾರ್ಟಿನಲ್ಲಿದ್ದ ಆ ಪಟ್ಟಿ! ಚಾರ್ಟಿನ ಬೆಲ್ಟನ್ನು ಮಾಡಿದ್ದು ಚಾಕು.

ಆಮೇಲೆ ಅಂಚು ಎತ್ತಿ ಒಳಬದಿ ತೋರಿಸಿದರು. ಪಟ್ಟಿಯಿಂದ ಒಂದು ಗೋಡೆ ಒಳಕ್ಕೆ ಹೋಗಿ ತೊಡೆಮೂಳೆಯ ಹಿಂಬದಿಗೆ ಉದ್ದಕ್ಕೂ ಹೊಲಿದ ಹಾಗೆ ಅಂಟಿತ್ತು. ಮೇಲೆ ಪೃಷ್ಠದ ದೊಡ್ಡ ಸ್ನಾಯು ಗ್ಲೂಟಿಯಸ್ ಮ್ಯಾಕ್ಸಿಮಸ್‌ನ ಬಹುಪಾಲು ಎಳೆಗಳು ಮೂಳೆಗೆ ಹೋಗದೆ ಈ ಪಟ್ಟಿಗೇ ಬಂದು ಸೇರಿದ್ದವು. ಅಂದರೆ ಇದು ಸೊಂಟದ ಸ್ನಾಯುಗಳು ಹಿಡಿದೆಳೆಯುವ ಹಗ್ಗ, ಮೂಳೆಗೆ ಕಟ್ಟಿದ್ದು. ಇದನ್ನು ಮೊಣಕೈ ಹೇಗೆ ಉದ್ದ ಮಾಡೀತು? ಆ ರಾತ್ರಿ ಕುಳಿತು ಓದಿದೆ. 2008ರಲ್ಲಿ ಪ್ರಕಟವಾದ ಒಂದು ಗಣಿತದ ಲೆಕ್ಕಾಚಾರದ ಪ್ರಕಾರ ಫ್ಯಾಶಿಯಾ ಲಾಟಾವನ್ನು ಶೇಕಡಾ 1ರಷ್ಟು ಅದುಮಲು 900 ಕಿಲೋಗೂ ಜಾಸ್ತಿ ಭಾರ ಬೇಕು. ಮೊಣಕಾಲಿನ ಹತ್ತಿರ ಪಟ್ಟಿಗೂ ಮೂಳೆಗೂ ನಡುವೆ ನರಗಳು ತುಂಬಿದ ಕೊಬ್ಬಿನ ಪುಟ್ಟ ದಿಂಬು ಇದೆ, ನೋವು ಅದು ಅದುಮಿದ್ದರಿಂದ ಇರಬಹುದು ಅಂತ 2006ರ ಇನ್ನೊಂದು ಅಧ್ಯಯನ ಹೇಳುತ್ತದೆ. ಅದುಮಿ ನೋಯುವ ಜಾಗಕ್ಕೆ ನಾನು ಹೋಗಿ ಇನ್ನಷ್ಟು ಅದುಮುತ್ತಿದ್ದೆ. ಜನ ಆಮೇಲೆ "ಹಗುರಾಯಿತು" ಅನ್ನುತ್ತಿದ್ದದ್ದು ಸುಳ್ಳಲ್ಲ. ಕಾರಣ ಮಾತ್ರ ನಾನು ಹೇಳಿಕೊಟ್ಟದ್ದಲ್ಲ.

ನಾಲ್ಕನೇ ದಿನ ಎಲ್ಲರ ಮುಂದೆ ಪೆಚ್ಚಾದೆ. ಮೀನಖಂಡ ಬಿಡಿಸುವಾಗ ತೆಳ್ಳಗೆ, ಉದ್ದಕ್ಕೆ, ಬೆಳ್ಳಗಿನ ದಾರ ಕಂಡಿತು. "ಇದೇನು?" ಅಂದರು. ನಾನು ಎಲ್ಲರಿಗಿಂತ ಮೊದಲು ಚಾಟ್‌ನಲ್ಲಿ "ನರ" ಅಂತ ಹಾಕಿದೆ. ಅದು ಪ್ಲಾಂಟಾರಿಸ್ ಅನ್ನುವ ಪುಟ್ಟ ಸ್ನಾಯುವಿನ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು. ಹೊಸ ವಿದ್ಯಾರ್ಥಿಗಳು ತಪ್ಪದೆ ನರ ಅನ್ನುತ್ತಾರೆ ಅಂತ ಅದಕ್ಕೆ "ಹೊಸಬರ ನರ" ಅಂತಲೇ ತಮಾಷೆಯ ಹೆಸರಿದೆಯಂತೆ. ನಿಜವಾದ ನರ, ಸೊಂಟದಿಂದ ಕಾಲಿಗೆ ಇಳಿಯುವ ಸಿಯಾಟಿಕ್ ನರ, ಅದಕ್ಕೂ ಮೊದಲೇ ಕಂಡಿತ್ತು. ನನ್ನ ಕಲ್ಪನೆಯಲ್ಲಿ ದಾರದಷ್ಟಿದ್ದದ್ದು, ಪೃಷ್ಠದ ಕೆಳಗೆ ಹೆಬ್ಬೆರಳಿನಷ್ಟು ಅಗಲ.

ಅದೇ ದಿನ ಹೊಟ್ಟೆ ತೆರೆದರು. ಸೋಆಸ್ ಅನ್ನುವ ಆಳದ ಸ್ನಾಯುವಿನ ಬಗ್ಗೆ ನಮ್ಮ ವೃತ್ತಿಯಲ್ಲಿ ಏನೇನೋ ಮಾತಿದೆ, ಹೊಟ್ಟೆಯ ಮೇಲಿಂದ ಬೆರಳು ಇಳಿಸಿ "ರಿಲೀಸ್" ಮಾಡುವವರೂ ಇದ್ದಾರೆ. ನಾನೂ ಒಬ್ಬಳಾಗಿದ್ದೆ. ಕರುಳನ್ನು ಎತ್ತಿ ಪಕ್ಕಕ್ಕೆ ಇಟ್ಟ ಮೇಲೆಯೇ ಅದು ಕಂಡದ್ದು. ಬೆನ್ನುಮೂಳೆಯ ಪಕ್ಕಕ್ಕೆ ಒರಗಿಕೊಂಡು ಕೆಳಗಿಳಿದು ತೊಡೆಮೂಳೆಯ ಒಳಬದಿಗೆ ಹೋಗುತ್ತದೆ. ಮುಂದೆ ಮೂತ್ರನಾಳ ಹಾದುಹೋಗುತ್ತದೆ, ಒಳಬದಿಯಲ್ಲಿ ದೊಡ್ಡ ರಕ್ತನಾಳಗಳು, ಕಾಲಿಗೆ ಹೋಗುವ ನರಗಳು ಸ್ನಾಯುವಿನ ಒಳಗಿಂದಲೇ ಹೊರಬರುತ್ತವೆ. ಅವತ್ತಿನಿಂದ ನನ್ನ ಬೆರಳುಗಳು ಯಾರ ಹೊಟ್ಟೆಯೊಳಗೂ ಅಷ್ಟು ಆಳಕ್ಕೆ ಇಳಿದಿಲ್ಲ. ಅಲ್ಲಿಗೆ ಬೇಕಾದರೆ ಕಾಲು ಆಡಿಸಿಯೇ ಕೆಲಸ ಮಾಡಿಸುತ್ತೇನೆ.

ಸೊಂಟದ ಕೀಲು ಬಿಡಿಸಿದ್ದನ್ನು ಹೇಳದೆ ಇರಲಾರೆ. ಸುತ್ತಲಿನ ಸ್ನಾಯು, ಲಿಗಮೆಂಟ್ ಎಲ್ಲ ಕತ್ತರಿಸಿ ಆಗಿತ್ತು. ಕಾಲು ಎಳೆದರು, ಬರಲಿಲ್ಲ. ಇನ್ನೊಬ್ಬರು ಸೇರಿ ಎಳೆದರು, ಆಗಲೂ ಬರಲಿಲ್ಲ. ಬಟ್ಟಲಿನ ಅಂಚಿನ ಉಂಗುರ ತೊಡೆಮೂಳೆಯ ತಲೆಯನ್ನು ಗಾಳಿ ಹೋಗದಂತೆ ಹಿಡಿದುಕೊಂಡಿತ್ತು. ಉಂಗುರವನ್ನು ಚೂರು ಎತ್ತಿದರು. ಪ್ಲಕ್ ಅಂತ ಸದ್ದು. ಹೆಡ್‌ಫೋನ್ ಹಾಕಿದ್ದರಿಂದ ನನ್ನ ಕಿವಿಯೊಳಗೇ ಆದಂತಾಯಿತು. ತಲೆ ಹೊರಬಂತು, ನಯವಾಗಿ, ಒದ್ದೆಯಾಗಿ ಹೊಳೆಯುತ್ತಾ. ಬಟ್ಟಲಿನ ಒಳಗಿಂದ ಒಂದು ಸಣ್ಣ ಹಗ್ಗ ಇನ್ನೂ ಅದನ್ನು ಹಿಡಿದುಕೊಂಡೇ ಇತ್ತು. ಇಂಥ ಕೀಲನ್ನು "ಜಾರಿದೆ, ಕೂರಿಸಿಬಿಡುತ್ತೇನೆ" ಅಂತ ಯಾರಾದರೂ ಅಂದರೆ ಈಗ ನನಗೆ ನಗು ಬರುತ್ತದೆ.

ಆನ್‌ಲೈನ್‌ನಲ್ಲಿ ಕೊರತೆ ಏನು ಅಂದರೆ, ಕೈಗೆ ಏನೂ ಸಿಗುವುದಿಲ್ಲ. ಭಾರ ಇಲ್ಲ, ವಾಸನೆ ಇಲ್ಲ, ಎಳೆದಾಗ ಎಷ್ಟು ತಡೆಯಿತು ಅನ್ನುವುದು ಇಲ್ಲ. ಇದಕ್ಕೆ ನಾನೇ ಒಂದು ದಾರಿ ಮಾಡಿಕೊಂಡೆ. ಪ್ರತಿ ಬಿಡುವಿನಲ್ಲಿ ಆಗಷ್ಟೇ ನೋಡಿದ್ದನ್ನು ನನ್ನ ಮೈಮೇಲೆ ಹುಡುಕುತ್ತಿದ್ದೆ. ಅಳಿಸಬಹುದಾದ ಪೆನ್ನಿಂದ ಚರ್ಮದ ಮೇಲೆ ಬರೆಯುತ್ತಿದ್ದೆ, ಕಾಲು ಆಡಿಸಿ ಗೆರೆಯ ಕೆಳಗೆ ಏನು ಸರಿಯುತ್ತದೆ ನೋಡುತ್ತಿದ್ದೆ. ಐದನೇ ದಿನದ ಹೊತ್ತಿಗೆ ನನ್ನ ಎಡಗಾಲು ಮಗು ಗೀಚಿದ ಗೋಡೆಯಂತಾಗಿತ್ತು. ಇನ್ನೊಂದು ತೊಂದರೆ ದಿಕ್ಕಿನದು. ಕ್ಯಾಮೆರಾ ಮೇಲಿಂದ, ಪಕ್ಕದಿಂದ, ಆಮೇಲೆ ತಲೆಯ ಕಡೆಯಿಂದ. ಎಡ ಬಲ ಕಲಸಿಹೋಗುತ್ತಿತ್ತು. ಕೊನೆಗೆ ಪಕ್ಕದಲ್ಲಿ ಒಂದು ಗೊಂಬೆ ಇಟ್ಟುಕೊಂಡು ಕ್ಯಾಮೆರಾ ತಿರುಗಿದಾಗಲೆಲ್ಲ ಅದನ್ನೂ ತಿರುಗಿಸಿದೆ. ನಗಬೇಡಿ, ಕೆಲಸಕ್ಕೆ ಬಂತು.

ನೋಡಿದ್ದನ್ನೆಲ್ಲ ಹಾಗೆಯೇ ಬದುಕಿರುವವರ ಮೇಲೆ ಹೊರಿಸಲೂ ಆಗದು. ತಣ್ಣಗಿಟ್ಟ ಕೊಬ್ಬು ಗಟ್ಟಿ, ನಮ್ಮ ಮೈಬಿಸಿಯಲ್ಲಿ ಅದು ಮೆತ್ತಗೆ. ಅಲ್ಲಿ ಉಸಿರಿಲ್ಲ, ಸ್ನಾಯುವಿಗೆ ನರದ ಅಪ್ಪಣೆ ಇಲ್ಲ. ಮೇಲಾಗಿ ನಾನು ನೋಡಿದ್ದು ಒಂದೇ ದೇಹ. ಸೋಆಸ್ ಮೈನರ್ ಅನ್ನುವ ಸ್ನಾಯು ಸುಮಾರು ಅರ್ಧದಷ್ಟು ಜನರಲ್ಲಿ ಇರುವುದೇ ಇಲ್ಲ. ಇವರಲ್ಲಿ ಎಡಕ್ಕೆ ಇತ್ತು, ಬಲಕ್ಕೆ ಇರಲಿಲ್ಲ. ಈಗಲೇ ಹೆಬ್ಬೆರಳನ್ನು ಕಿರುಬೆರಳಿಗೆ ತಾಗಿಸಿ ಮಣಿಕಟ್ಟು ಸ್ವಲ್ಪ ಬಗ್ಗಿಸಿ ನೋಡಿ. ನಡುವೆ ಒಂದು ಟೆಂಡನ್ ಎದ್ದು ನಿಂತರೆ ಅದು ಪಾಲ್ಮಾರಿಸ್ ಲಾಂಗಸ್ ಅನ್ನುವ ಸ್ನಾಯುವಿನದು. ನನಗೆ ಇಲ್ಲ. ಹೀಗಿರುವಾಗ ನಾನು ಚಲನೆ ಕಲಿಸುವ ತರಗತಿಯಲ್ಲಿ ಎಲ್ಲರೂ ಒಂದೇ ಆಳಕ್ಕೆ ಕುಕ್ಕರಗಾಲಲ್ಲಿ ಕೂರಬೇಕು ಅಂತ ನಾನು ಹಟ ಹಿಡಿಯುತ್ತಿದ್ದೆನಲ್ಲ, ಅವರ ಸೊಂಟದ ಬಟ್ಟಲು ಎಷ್ಟು ಆಳ, ತೊಡೆಮೂಳೆಯ ಕತ್ತು ಎತ್ತ ತಿರುಗಿದೆ ಅಂತ ನನಗೇನು ಗೊತ್ತಿತ್ತು!

ಕ್ಲಾಸ್ ಮುಗಿದು ಎರಡು ವಾರಕ್ಕೆ ಹಳೆಯ ಓಟಗಾರರೊಬ್ಬರು ಬಂದರು. ಅದೇ ಮೊಣಕಾಲು, ಅದೇ ಪಕ್ಕ. ಅಭ್ಯಾಸದಂತೆ ಮಗ್ಗುಲಾಗಿ ಮಲಗಿ, ಕಣ್ಣು ಮುಚ್ಚಿ, ಹಲ್ಲು ಕಚ್ಚಿದರು. ನಾನು ಅಂಗೈಯನ್ನು ಸೊಂಟದ ಪಕ್ಕ ಇಟ್ಟು, ಮೇಲಿನ ಹೊದಿಕೆ ಎತ್ತ ಜಾರುತ್ತದೆ ಅಂತ ನೋಡುತ್ತಾ, ಕಾಲನ್ನು ನಿಧಾನಕ್ಕೆ ಎತ್ತಲು ಹೇಳಿದೆ. ಸ್ವಲ್ಪ ಹೊತ್ತಿನ ಮೇಲೆ ಅವರು ಒಂದು ಕಣ್ಣು ತೆರೆದರು.

"ಮೇಡಂ, ಇವತ್ತು ಮೊಣಕೈ ಇಲ್ವಾ?"

"ಇಲ್ಲ. ಎದ್ದ ಮೇಲೆ ಹೇಳ್ತೀನಿ. ಇನ್ನೊಂದು ಸಲ ಎತ್ತಿ."