ಕಾರವಾರದ ಉದ್ಯಾನದಲ್ಲಿ ಹಂಚಿನ ಮಾಡು

ಕಾರವಾರದ ಒಂದು ಸಾರ್ವಜನಿಕ ಉದ್ಯಾನದಲ್ಲಿ ಜಗುಲಿ, ಪುಟ್ಟ ಓದುವ ಕೋಣೆ, ಹಿಂದೆ ಶೌಚಾಲಯ ಕಟ್ಟಿಸುವ ಕೆಲಸ ನನಗೆ ಬಂದಾಗ, ನಕ್ಷೆ ಮೊದಲೇ ತಯಾರಿತ್ತು: ಮೇಲೆ ಸಪಾಟು ಸ್ಲ್ಯಾಬು, ಪಡುವಣಕ್ಕೆ ದೊಡ್ಡ ಗಾಜು. ಸಂಜೆ ಬಿಸಿಲು ನೇರ ಒಳಗೆ ಬಂದು ಏಪ್ರಿಲ್‌ನಲ್ಲಿ ಕೂರಲಾಗುವುದಿಲ್ಲ. ಉಪ್ಪುಗಾಳಿಗೆ ಸ್ಲ್ಯಾಬಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟು ಚಕ್ಕೆಚಕ್ಕೆಯಾಗಿ ಉದುರುತ್ತದೆ. ಕಡಲ ಬದಿಯ ಎಷ್ಟು ಮನೆಗಳಲ್ಲಿ ಇದನ್ನು ನೋಡಿಲ್ಲ! ಎರಡು ತಿಂಗಳು ಓಡಾಡಿ ನಕ್ಷೆ ಬದಲಿಸಿದೆ.

ಗೋಡೆಗೆ ಚಿರೇಕಲ್ಲು, ಅಂದರೆ ಕರಾವಳಿಯ ಕೆಂಪು ಮುರಕಲ್ಲು. ಅದನ್ನು ಸುಡಬೇಕಿಲ್ಲ, ಕಡಿದು ತಂದರಾಯಿತು, ಗಾಳಿಗೆ ಇಟ್ಟಷ್ಟೂ ಗಟ್ಟಿಯಾಗುತ್ತದೆ. ಮಾಡಿಗೆ ಹಳೆ ಮನೆಯೊಂದರಿಂದ ಇಳಿಸಿದ ಮಂಗಳೂರು ಹಂಚು, ಚದರ ಮೀಟರಿಗೆ ಸುಮಾರು 15. ಹಂಚು ಹೊರುವ ಇಳಿಜಾರು ಮರಗಳಾದ ಪಕಾಸು, ಅವುಗಳ ಮೇಲೆ ಅಡ್ಡ ಬಡಿಯುವ ರೀಪು ಪಟ್ಟಿಗಳೂ ಅಲ್ಲಿಯವೇ. ಅಂಗಳದ ಸುರಹೊನ್ನೆ ಮರದ ಬೇರು ಕಡಿಯಬಾರದೆಂದು ಪಾಯವನ್ನೇ ಪಕ್ಕಕ್ಕೆ ಸರಿಸಿದೆವು.

ಸೂರು ಎಷ್ಟು ಮುಂದೆ ಚಾಚಬೇಕೆಂಬುದರಲ್ಲಿ ನನಗೂ ಕುಮಟೆಯ ಹಿರಿಯ ಮೇಸ್ತ್ರಿಗೂ ವಾದ ಬಿತ್ತು. ನಾನು ಎರಡಡಿ ಸಾಕೆಂದೆ. ಅವರು ನೈಋತ್ಯದ ಕಡೆ ಕೈ ತೋರಿಸಿ, "ತಮಾ, ಇಲ್ಲಿ ಮಳೆ ಮೇಲಿಂದ ಬರೂದಲ್ಲ, ಅಡ್ಡ ಬರ್ತದೆ" ಅಂದರು. ಆ ಬದಿ ನಾಲ್ಕಡಿ ಬಿಟ್ಟೆವು. ಜುಲೈಯ ಎರಚಲಿನಲ್ಲೂ ಜಗುಲಿಯ ಒಳಬದಿ ಒಣಗಿಯೇ ಇತ್ತು. ಅವರ ಮಾತು ಕೇಳಿದ್ದು ನಾನು ಮಾಡಿದ ಒಳ್ಳೆಯ ಕೆಲಸ.

ಎಡವಿದ್ದು ಕೆಳಗೆ. ಸೂರಿನ ನೀರು ಬೀಳುವ ಜಾಗಕ್ಕೆ ಸಿಮೆಂಟಿನ ಹಾಸು ಹಾಕಿಸಿದ್ದೆ. ಹನಿ ಅದಕ್ಕೆ ಬಡಿದು ಕೆಂಪು ರಾಡಿಯ ಸಮೇತ ಗೋಡೆಗೆ ಚಿಮ್ಮಿತು. ಮೇ ಕೊನೆಯಲ್ಲಿ ಅವಸರದಿಂದ ಹಚ್ಚಿಸಿದ ಚಿಪ್ಪಿಸುಣ್ಣದ ಗಾರೆ ಇನ್ನೂ ಹಸಿ. ಅದು ಗಾಳಿ ಹೀರಿ ನಿಧಾನ ಗಟ್ಟಿಯಾಗುವಂಥದ್ದು. ಆಗಸ್ಟಿನ ಹೊತ್ತಿಗೆ ಮೊಣಕಾಲೆತ್ತರದವರೆಗೆ ಗಾರೆ ಕಿತ್ತುಬಂದು ಕಲ್ಲು ಕಾಣುತ್ತಿತ್ತು. ಬಹಳ ಬೇಜಾರಾಯಿತು. ಮಳೆ ನಿಂತ ಮೇಲೆ ಹಾಸು ಒಡೆಸಿ, ಎರಡಡಿ ಅಗಲಕ್ಕೆ ಹೊಳೆಯ ದುಂಡುಗಲ್ಲು ತುಂಬಿಸಿದೆ. ಈಗ ಹನಿ ಕಲ್ಲುಗಳ ಸಂದಿಗೆ ಇಳಿದುಹೋಗುತ್ತದೆ. ಗಾರೆಯನ್ನು ಡಿಸೆಂಬರಿನಲ್ಲಿ ಮತ್ತೆ ಹಚ್ಚಿಸಿದೆ, ವಾರಗಟ್ಟಲೆ ಒದ್ದೆಗೋಣಿ ಕಟ್ಟಿ ಕಾದೆವು. ಆಮೇಲೆ ಎರಡು ಮಳೆಗಾಲ ಕಳೆದಿದೆ, ಬಿರುಕಿಲ್ಲ.

ಇಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಹಿಂಬದಿಯ ಇಳಿಜಾರು 40 ಚದರ ಮೀಟರ್. ಅದೊಂದರ ಮೇಲೇ 1,20,000 ಲೀಟರ್ ಬೀಳುತ್ತದೆ. ಸೂರಿನ ಅಂಚಿಗೆ ನೀರು ಹಿಡಿಯುವ ಪಿವಿಸಿ ದೋಣಿ ಕೂರಿಸಿ, ಮೊದಲ ಮಳೆಯ ಕೊಳೆ ಹೊರಗೆ ಬಿಟ್ಟು, ಉಳಿದದ್ದನ್ನು ಇದ್ದಿಲು-ಉಸುಕಿನ ತೊಟ್ಟಿ ದಾಟಿಸಿ ಹಳೆ ಬಾವಿಗೆ ಇಳಿಸಿದ್ದೇವೆ. ಶೌಚಾಲಯಕ್ಕೂ ಗಿಡಗಳಿಗೂ ಅದೇ ನೀರು.

ಓದುವ ಕೋಣೆಗೆ ಹಗಲು ದೀಪ ಬೇಡ. ಮಾಡಿನಲ್ಲಿ ಆರು ಗಾಜಿನ ಹಂಚುಗಳಿವೆ. ಪ್ರತಿ ಮೇ ತಿಂಗಳು ಹಂಚಿನ ಸಂದಿಯ ಎಲೆ ತೆಗೆಸಬೇಕು, ಒಡೆದದ್ದು ಬದಲಿಸಬೇಕು. ಅದಕ್ಕೆಂದು ನೂರು ಹಂಚು ಶೌಚಾಲಯದ ಹಿಂದೆ ಜೋಡಿಸಿಟ್ಟಿದ್ದೇವೆ.